ಮನೆಯೊಳಗಿನ ಮಾರ್ದನಿ ಎಲ್ಲಿಂದ?

ನಮ್ಮ ತಾಯಿಯವರು ಬೀಸುವಾಗ ಹಾಡುತ್ತಿದ್ದ ಪದಗಳನ್ನು 1986ರಲ್ಲಿ ಸೋದರಮಾವನವರು ಒಂದು ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಟ್ಟಿದ್ದರು. ತಾಯಿಯವರ ದನಿ ಇಂದು ಉಳಿದಿರುವುದು ಅದೊಂದರಲ್ಲಿಯೇ. ಮರಾಠಿ ಶಾಲೆಯಲ್ಲಿ ಕಲಿತು ನಮ್ಮ ಮನೆಗೆ ಬಂದ ಸೊಸೆ ಆ ಪದಗಳನ್ನು ಕನ್ನಡದಲ್ಲಿ ಬರೆದಿಡಲು ಮುಂದಾದಳು. ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಇಳಿಸಿ, ಟಿ.ವಿ.ಗೆ ಸಿಕ್ಕಿಸಿ, ಹೊಸದಾಗಿ ತಂದ ಬ್ಲೂಟೂತ್ ಸ್ಪೀಕರನ್ನೂ ಕೂಡಿಸಿ ಕೇಳಲು ಕುಳಿತೆವು. ನುಡಿನುಡಿಯೂ ಎರಡೆರಡು ಸಲ ಕೇಳಿಸಿತು! ಸೊಸೆಯ ವಹಿಯಲ್ಲಿ ಬರೆದುದಕ್ಕಿಂತ ಖಾಲಿ ಬಿಟ್ಟುದೇ ಹೆಚ್ಚಾಯಿತು. ರಿಪೇರಿಯವರೊಬ್ಬರು, ಟೇಪೇ ಕೆಟ್ಟಿದೆ, ಆಸೆ ಬಿಡಿರಿ ಎಂದುಬಿಟ್ಟರು.

ನಾವು ಮೊದಲು ದೂರಿದ್ದು ಕೋಣೆಯನ್ನು. ಹೊಸ ಸ್ಲ್ಯಾಬಿನ ಮನೆ, ನುಣುಪು ಫರಸಿ, ಬರಿಯ ಗೋಡೆಗಳು. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಕಿಣಿಕಿಣಿಯೆಂಬ ಬಾಲವೊಂದು ಹಿಂದೆಯೇ ಬರುತ್ತಿತ್ತು. ಎದುರುಬದುರಾದ ಎರಡು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುವುದೇ ಇದಕ್ಕೆ ಕಾರಣ. ಜಮಖಾನೆ ಹಾಸಿ, ಒಂದು ಗೋಡೆಗೆ ಸೊಲ್ಲಾಪುರದ ಚಾದರಗಳನ್ನು ಇಳಿಬಿಟ್ಟೆವು. ಬಾಲ ಮೊಟಕಾಯಿತು, ನುಡಿ ಎರಡಾಗುವುದು ಮಾತ್ರ ನಿಲ್ಲಲಿಲ್ಲ.

ಆಗ, ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟ ಪಾಠವೇ ನೆನಪಾಗಿ ನಾಚಿಕೆಯಾಯಿತು. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮಾರ್ದನಿಯು ಬೇರೆಯಾಗಿ ಕೇಳಿಸಬೇಕಾದರೆ ಅದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟಾದರೂ ತಡವಾಗಿ ಬರಬೇಕು. ಅಂದರೆ ಗೋಡೆ 17 ಮೀಟರ್ ದೂರವಿರಬೇಕು. ವಿಜಯಪುರದ ಗೋಳಗುಮ್ಮಟದಲ್ಲಿ ಅಷ್ಟು ಎಡೆಯುಂಟು. ನಮ್ಮ ಗೋಡೆಯಿರುವುದು 4 ಮೀಟರ್ ಆಚೆ! ಅಲ್ಲಿಗೆ ಹೋಗಿ ಮರಳಲು ಧ್ವನಿಗೆ ಸೆಕೆಂಡಿನ ನಲವತ್ತನೆಯ ಒಂದು ಪಾಲೂ ಹಿಡಿಯದು. ಕೋಣೆಯಿಂದ ಮಾತು ಮಸುಕಾದೀತು, ಎರಡಾಗಲಾರದು.

ಹಾಗಾದರೆ ದೋಷ ಧ್ವನಿಮುದ್ರಣದಲ್ಲಿಯೋ ಯಂತ್ರದಲ್ಲಿಯೋ? ಅದೇ ಪೆನ್‌ಡ್ರೈವನ್ನು ಮಗನ ಕಂಪ್ಯೂಟರಿಗೆ ಹಾಕಿ, ತಂತಿಯ ಹೆಡ್‌ಫೋನನ್ನು ಕಿವಿಗಿಟ್ಟುಕೊಂಡೆವು. ತಾಯಿಯವರ ದನಿ ಒಂದೇ ಆಗಿ, ತಿಳಿಯಾಗಿ ಬಂದಿತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಉಳಿದುದು ಸುಲಭ. ಟಿ.ವಿ.ಯ ಒಳಗಿನ ಸ್ಪೀಕರನ್ನು ನಿಲ್ಲಿಸಿದೊಡನೆ ಮಾರ್ದನಿ ಮಾಯವಾಯಿತು. ಬ್ಲೂಟೂತಿನಲ್ಲಿ ಧ್ವನಿಯನ್ನು ಅಂಕಿಗಳಾಗಿ ಕಟ್ಟಿ, ಕಳುಹಿಸಿ, ಆ ಕಡೆ ಮತ್ತೆ ಬಿಚ್ಚಬೇಕು. ಇಷ್ಟಕ್ಕೆ ಸೆಕೆಂಡಿನ ಹತ್ತನೆಯ ಒಂದೆರಡು ಪಾಲು ಹಿಡಿಯುವುದುಂಟು. ಎರಡು ಬಾಯಿಗಳು ಒಂದೇ ಪದವನ್ನು ಹಿಂದುಮುಂದಾಗಿ ಹಾಡುತ್ತಿದ್ದವು, ಅಷ್ಟೆ. ಕೆಲವು ಟಿ.ವಿ.ಗಳಲ್ಲಿ ಸಭಾಂಗಣದಂತೆ ಮೊಳಗಿಸುವ ಏರ್ಪಾಡೂ ಇರುತ್ತದೆ. ವಾಚಕರು ಅದನ್ನೂ ಆರಿಸಿ ನೋಡಬೇಕು.

ಹೆಡ್‌ಫೋನಿನಲ್ಲಿಯೂ ಮಾರ್ದನಿ ಕೇಳಿದರೆ ಮಾತ್ರ ಟೇಪನ್ನು ಶಂಕಿಸಬಹುದು. ಬಹುಕಾಲ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೆ ಅಂಟಿ, ಹಾಡಿಗಿಂತ ಮೊದಲೇ ಅದರ ನೆರಳು ಕೇಳಿಸುವುದುಂಟು.

ಸೊಸೆ "ಹೊಳೆ ಹೊಳೆ ಸಾಲು ಸಾಲು" ಎಂದು ಬರೆದುಕೊಂಡಿದ್ದುದು "ಹೊಳೆಸಾಲು", ನಮ್ಮ ತಾಯಿಯವರ ತವರುಸೀಮೆ. ಖಾಲಿ ಬಿಟ್ಟ ಎಡೆಗಳಲ್ಲಿ ಈಗ ಮೂರು ಮಾತ್ರ ಉಳಿದಿವೆ. ಅಲ್ಲಿ ಬೀಸುಕಲ್ಲಿನ ಸದ್ದೇ ಜೋರಾಗಿದೆ.