ವಿಮಾನದ ಹಿಂದಿನ ವಿದ್ಯೆ

ಕೊಳ್ಳೇಗಾಲ ಸೀಮೆಯ ಧನಗೆರೆಯಲ್ಲಿ ಹೊಲದ ಬದುವಿನ ಮೇಲೆ ನಿಂತು ಮುಗಿಲನ್ನು ನೋಡುವ ಬಾಲಕ ಬಾಲಕಿಯರಿಗೆ ವಿಮಾನವು ಬಹುದೂರದವರ ಸೊತ್ತೆಂದು ತೋರುವುದು ಸಹಜ. ಆದರೆ ಭಾರತದಲ್ಲಿ ವಿಮಾನವಿದ್ಯೆಯು ಬೇರೂರಿದ ಬೆಂಗಳೂರಿಗೂ ಆ ಸೀಮೆಗೂ ಹಳೆಯದೊಂದು ನಂಟುಂಟು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ವಿದ್ಯುತ್ತು ದೊರೆತ ನಗರದಲ್ಲಿ ಕ್ರಮೇಣ ಕಾರ್ಖಾನೆಗಳು ತಲೆಯೆತ್ತಿದವು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಅವುಗಳಲ್ಲೊಂದು.

ಕಾರ್ಖಾನೆಯನ್ನು ಕಟ್ಟಿದರೆ ಸಾಲದು, ವಿಮಾನವನ್ನು ಬಲ್ಲವರು ಬೇಕು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ, ಜರ್ಮನಿಯಲ್ಲಿ ವ್ಯಾಸಂಗ ಮಾಡಿ ಬಂದಿದ್ದ ವಿ. ಎಂ. ಘಾಟಗೆಯವರು ಪ್ರಮುಖರು. ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ಎಂಬ ಎರಡು ಆಸನಗಳ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಬಾರಿ ಬಾನಿಗೇರಿತು. ಮುಂದೆ ಹಲವು ವರ್ಷ ಭಾರತೀಯ ವಾಯುಪಡೆಯ ತರುಣರು ಹಾರಾಟದ ಓನಾಮವನ್ನು ಕಲಿತದ್ದು ಅದರಲ್ಲಿಯೇ.

ಈ ವಿದ್ಯೆಯನ್ನು ಅರಸಿ ಹೊರಡುವವರು ಒಂದು ಭೇದವನ್ನು ಮೊದಲೇ ಅರಿತಿರಬೇಕು. ವಿಮಾನ ಎಂಜಿನಿಯರಿಂಗ್ ಪದವಿಯು ರೆಕ್ಕೆಯ ಆಕಾರ, ಲೋಹದ ಬಲ, ಎಂಜಿನ್ನಿನ ಶಕ್ತಿ ಇವುಗಳನ್ನು ಲೆಕ್ಕಹಾಕಿ ವಿಮಾನವನ್ನು ರಚಿಸುವುದನ್ನು ಕಲಿಸುತ್ತದೆ. ಸಿದ್ಧ ವಿಮಾನವನ್ನು ಪರೀಕ್ಷಿಸಿ, ಅದು ಹಾರಲು ಯೋಗ್ಯವೆಂದು ಸಹಿ ಹಾಕುವವರು ನಿರ್ವಹಣಾ ಎಂಜಿನಿಯರರು. ಅವರಿಗೆ ಬೇಕಾದುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡುವ ಪರವಾನಗಿ. ಪದವಿಯು ಎಷ್ಟೇ ದೊಡ್ಡದಾದರೂ ಪರವಾನಗಿಯಿಲ್ಲದವರ ಸಹಿಗೆ ಅಲ್ಲಿ ಬೆಲೆಯಿಲ್ಲ. ಸಡಿಲವಾದ ಒಂದು ತಿರುಪಿನಿಂದ ನೂರಾರು ಪ್ರಾಣಗಳಿಗೆ ಅಪಾಯವೊದಗಬಹುದು. ಆದರೂ ಪ್ರಯಾಣಿಕರು ಈ ಎಂಜಿನಿಯರರ ಮುಖವನ್ನು ಕಾಣುವುದೇ ಅಪರೂಪ, ಹೆಸರೆಲ್ಲ ವೈಮಾನಿಕರದು.

ವೈಮಾನಿಕರ ಶಿಕ್ಷಣವೂ ಸುಲಭವಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ, ಮಹಾರಾಜ ಜಯಚಾಮರಾಜೇಂದ್ರ ಒಡೆಯರು ನೀಡಿದ ಭೂಮಿಯಲ್ಲಿ, ಸರ್ಕಾರಿ ತರಬೇತಿ ಶಾಲೆಯು ಬೆಳೆಯಿತು. ಆ ನೆಲವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿಯು ತೆಳು. ಬಿಸಿಲೇರಿದರೆ ಮತ್ತಷ್ಟು ತೆಳು. ಆಗ ರೆಕ್ಕೆಗೆ ದೊರೆಯುವ ಆಸರೆಯೂ ಎಂಜಿನ್ನಿನ ಶಕ್ತಿಯೂ ಕುಗ್ಗುವುದರಿಂದ ವಿಮಾನವು ನೆಲವನ್ನು ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ. ಇದನ್ನು ಮುಂಚಿತವಾಗಿ ಗಣಿಸದವರಿಗೆ ಓಡುದಾರಿಯೇ ಸಾಲದೆ ಹೋದೀತು! ಗಾಳಿಯ ದಿಕ್ಕಿನ ಲೆಕ್ಕವೂ ಹಾಗೆಯೇ. ಕಾವೇರಿಯನ್ನು ನೇರವಾಗಿ ದಾಟಬೇಕಾದ ಹರಿಗೋಲಿನವನು ಪ್ರವಾಹಕ್ಕೆದುರಾಗಿ, ಕೊಂಚ ಮೇಲ್ದಂಡೆಯ ಕಡೆಗೆ ಹುಟ್ಟು ಹಾಕುತ್ತಾನೆ. ವೈಮಾನಿಕನೂ ಪಕ್ಕದ ಗಾಳಿ ಬೀಸುವಾಗ ವಿಮಾನದ ಮೂತಿಯನ್ನು ಗಾಳಿಯತ್ತ ತಿರುಗಿಸಿ ನೇರವಾದ ದಾರಿಯನ್ನು ಹಿಡಿಯುತ್ತಾನೆ.

ಶಿಕ್ಷಕರೊಡನೆ ಹಲವು ಗಂಟೆ ಹಾರಿದ ಬಳಿಕ, ಒಂದು ದಿನ ಅವರು ಕೆಳಗಿಳಿದು ವಿದ್ಯಾರ್ಥಿಯನ್ನು ಒಬ್ಬನೇ ಕಳುಹಿಸುತ್ತಾರೆ. ಒಬ್ಬರ ಭಾರ ಕಡಮೆಯಾದ ವಿಮಾನವು ಎಂದಿಗಿಂತ ಬೇಗನೆ ಮೇಲೇಳುತ್ತದೆ. ಪಕ್ಕದ ಆಸನವು ಬರಿದಾಗಿರುತ್ತದೆ. ವಾಣಿಜ್ಯ ವೈಮಾನಿಕರ ಪರವಾನಗಿಗೆ ಹದಿನೆಂಟು ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟವೂ ಆಗಿರಬೇಕು.

ಇದರ ವೆಚ್ಚವು ಹಲವು ಲಕ್ಷ ರೂಪಾಯಿ. ಆದುದರಿಂದ ಹೊಲವನ್ನು ಅಡವಿಟ್ಟು ಹಣ ಕಟ್ಟುವ ಮೊದಲು ಕಣ್ಣು, ಕಿವಿ, ಹೃದಯಗಳ ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳುವುದು ವಿವೇಕ. ಹಣವಿಲ್ಲದವರಿಗೂ ಒಂದು ದಾರಿಯುಂಟು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗಳಲ್ಲಿ ಆಯ್ಕೆಯಾಗಿ ವಾಯುಪಡೆಯನ್ನು ಸೇರಿದರೆ, ಹಾರಾಟದ ಶಿಕ್ಷಣವು ಸರ್ಕಾರದ ವೆಚ್ಚದಲ್ಲಿಯೇ ನಡೆಯುತ್ತದೆ. 2022ರಿಂದ ಆ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ.