ದಿಬ್ಬುಕ್: ಯಹೂದಿ ಪ್ರೇತಪ್ರಣಯದ ಕಥೆಯೂ ಅದರ ರಾಗವೂ

ಯಹೂದಿ ಜನಪದ ನಂಬಿಕೆಯಲ್ಲಿ ‘ದಿಬ್ಬುಕ್’ ಎಂದರೆ ಜೀವಂತ ವ್ಯಕ್ತಿಯ ದೇಹವನ್ನು ಹೊಕ್ಕು ಅಲ್ಲಿಯೇ ನೆಲೆನಿಂತ ಮೃತನ ಆತ್ಮ. ‘ಅಂಟಿಕೊಳ್ಳು’ ಎಂಬರ್ಥದ ಹೀಬ್ರೂ ಧಾತುವಿನಿಂದ ಬಂದ ಈ ಪದವು ಕನ್ನಡದ ‘ಮೆಟ್ಟಿಕೊಳ್ಳುವುದು’ ಎಂಬ ಮಾತಿಗೆ ಸಮೀಪವಾಗಿದೆ. ಯೋಗಿಯು ಸ್ವೇಚ್ಛೆಯಿಂದ ಕೈಗೊಳ್ಳುವ ಪರಕಾಯ ಪ್ರವೇಶಕ್ಕೂ ಇದಕ್ಕೂ ಅಂತರವುಂಟು. ದಿಬ್ಬುಕ್ ಸಿದ್ಧಿಯ ಫಲವಲ್ಲ, ನೆಲೆಗಾಣದ ಆತ್ಮವು ಹುಡುಕಿಕೊಂಡ ಆಶ್ರಯ. 16ನೆಯ ಶತಮಾನದಲ್ಲಿ ಗಲಿಲಿಯ ಸಫೇದ್ ನಗರದಲ್ಲಿ ಐಸಾಕ್ ಲೂರಿಯಾ ಮತ್ತು ಆತನ ಶಿಷ್ಯರು ಬೆಳೆಸಿದ ಪುನರ್ಜನ್ಮ ಚಿಂತನೆಯು ಇಂತಹ ಕಥೆಗಳಿಗೆ ತಾತ್ತ್ವಿಕ ತಳಹದಿಯನ್ನು ಒದಗಿಸಿತು. ಹತ್ತು ಮಂದಿ ಪುರುಷರ ಸಮ್ಮುಖದಲ್ಲಿ, ಷೋಫರ್ ಎಂಬ ಟಗರಿನ ಕೊಂಬನ್ನೂದಿ, ಬಹಿಷ್ಕಾರದ ಶಾಪದೊಡನೆ ಆತ್ಮವನ್ನು ಹೊರಡಿಸುವುದು ರೂಢಿಯಾಗಿತ್ತು.

ಹಳೆಯ ಕಥೆಗಳ ದಿಬ್ಬುಕ್ ಸಾಮಾನ್ಯವಾಗಿ ಪಾಪಿಯೊಬ್ಬನ ಆತ್ಮ. ಅದನ್ನು ಪ್ರಿಯಕರನ ಆತ್ಮವನ್ನಾಗಿ ಮಾರ್ಪಡಿಸಿ, ಭಯದ ಕಥೆಯನ್ನು ಪ್ರಣಯದ ಕಥೆಯನ್ನಾಗಿಸಿದ ಕೀರ್ತಿ ಎಸ್. ಆನ್‌ಸ್ಕಿ ಎಂಬ ಕಾವ್ಯನಾಮದ ಶ್ಲೋಯ್ಮೆ ರಪಪೋರ್ಟ್‌ಗೆ (1863–1920) ಸಲ್ಲುತ್ತದೆ. ಈ ಮಾರ್ಪಾಡಿನಲ್ಲಿ ಗಾಯನಕ್ಕಿರುವ ಸ್ಥಾನ ವಿಶೇಷವಾಗಿ ಗಮನಾರ್ಹವಾದುದು. ದೇಹವಳಿದ ಮೇಲೂ ಉಳಿಯುವ ದನಿಯೇ ಈ ಕೃತಿಯ ವಸ್ತು. ಕೃತಿಯು ರೂಪುಗೊಂಡದ್ದೂ ದನಿಗಳಿಗೆ ಕಿವಿಗೊಟ್ಟ ಕಾರ್ಯದ ನಡುವೆಯೇ.

ಇಂದಿನ ಬೆಲಾರೂಸ್‌ನ ವಿತೆಬ್ಸ್ಕ್ ಪ್ರದೇಶದಲ್ಲಿ ಬೆಳೆದ ಆನ್‌ಸ್ಕಿ ಯೌವನದಲ್ಲಿ ಸಂಪ್ರದಾಯದಿಂದ ದೂರ ಸರಿದು ರಷ್ಯಾದ ಕ್ರಾಂತಿಕಾರಿ ಚಳವಳಿಯನ್ನು ಸೇರಿದವನು. ನಡುವಯಸ್ಸಿನಲ್ಲಿ ತನ್ನ ಜನರ ಜಾನಪದದತ್ತ ಮರಳಿದ ಆತ 1912ರಿಂದ 1914ರವರೆಗೆ ಮುಖ್ಯವಾಗಿ ವೊಲಿನಿಯಾ ಮತ್ತು ಪೊಡೋಲಿಯಾ ಪ್ರಾಂತಗಳಲ್ಲಿ ಜನಾಂಗ ಅಧ್ಯಯನದ ಯಾತ್ರೆಯನ್ನು ನಡೆಸಿದನು. ಸುಮಾರು 70 ಊರುಗಳ ಈ ಸಂಚಾರದಲ್ಲಿ ಕಥೆ, ಗೀತೆ, ಮಂತ್ರ, ತಾಯಿತಗಳೊಡನೆ ಸುಮಾರು 2,000 ಛಾಯಾಚಿತ್ರಗಳೂ ಸುಮಾರು 500 ಮೇಣದ ಸಿಲಿಂಡರುಗಳಲ್ಲಿ ಧ್ವನಿಮುದ್ರಣಗಳೂ ಸಂಗ್ರಹವಾದವು. ಮೊದಲ ವರ್ಷ ಸಂಗೀತಗಾರ ಯೋಯಲ್ ಎಂಗೆಲ್, ಅನಂತರ ಜುಸ್ಮಾನ್ ಕಿಸೆಲ್‌ಗೋಫ್ ಜೊತೆಗಿದ್ದರು. ಮೊದಲ ಮಹಾಯುದ್ಧದಿಂದ ಯಾತ್ರೆ ನಿಂತಿತು.

ಈ ಸಂಗ್ರಹದ ಪ್ರಭಾವವುಳ್ಳ ‘ದಿಬ್ಬುಕ್ ಅಥವಾ ಎರಡು ಲೋಕಗಳ ನಡುವೆ’ ನಾಟಕವನ್ನು ಆನ್‌ಸ್ಕಿ ಮೊದಲು ರಷ್ಯನ್ ಭಾಷೆಯಲ್ಲಿಯೂ ಬಳಿಕ ಯಿಡ್ಡಿಷ್‌ನಲ್ಲಿಯೂ ಬರೆದನು. ಸೆಂಡರ್ ಮತ್ತು ನಿಸ್ಸಾನ್ ಎಂಬ ಗೆಳೆಯರು ತಮಗೆ ಹುಟ್ಟಲಿರುವ ಮಕ್ಕಳಿಗೆ ಪರಸ್ಪರ ವಿವಾಹ ಮಾಡುವುದಾಗಿ ಮಾತು ಕೊಟ್ಟಿರುತ್ತಾರೆ. ನಿಸ್ಸಾನ್ ತೀರಿಕೊಳ್ಳುತ್ತಾನೆ, ಸಿರಿವಂತನಾದ ಸೆಂಡರ್ ಮಾತನ್ನು ಮರೆಯುತ್ತಾನೆ. ನಿಸ್ಸಾನನ ಮಗ ಖೋನೆನ್ ಬಡ ವಿದ್ಯಾರ್ಥಿ. ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥದ ಪ್ರೇಮಗೀತೆಯನ್ನು ಹಾಡುತ್ತ, ಉಪವಾಸ ಮತ್ತು ಗೂಢವಿದ್ಯೆಯಿಂದ ಲೇಯಾಳನ್ನು ಪಡೆಯಲು ಹವಣಿಸುವವನು. ಆಕೆಗೆ ಬೇರೆ ವರ ನಿಶ್ಚಯವಾದ ಸುದ್ದಿ ಕೇಳಿ ಅಲ್ಲಿಯೇ ಅಸುನೀಗುತ್ತಾನೆ. ಮದುವೆಯ ದಿನ ಮೃತ ತಾಯಿಯನ್ನು ಕರೆಯಲು ಸ್ಮಶಾನಕ್ಕೆ ಹೋಗಿಬಂದ ಲೇಯಾಳ ಬಾಯಿಂದ ಗಂಡುದನಿಯೊಂದು ಹೊಮ್ಮುತ್ತದೆ. ಪ್ರೇಯಸಿಯ ಕಂಠವೇ ಪ್ರಿಯನ ಕಂಠವಾಗುವ ಈ ಗಳಿಗೆಯೇ ನಾಟಕದ ಹೃದಯ.

ರೆಬ್ಬೆ ಅಜ್ರಿಯೇಲನು ಉಚ್ಚಾಟನೆಗೆ ಮುನ್ನ ಧರ್ಮಸಭೆಯನ್ನು ಕೂಡಿಸಿ, ಮೃತ ನಿಸ್ಸಾನನ ದೂರನ್ನು ವಿಚಾರಿಸುತ್ತಾನೆ. ಸಂಪತ್ತಿನ ಅರ್ಧವನ್ನು ಬಡವರಿಗೆ ಹಂಚುವಂತೆ ಸೆಂಡರನಿಗೆ ತೀರ್ಪಾಗುತ್ತದೆ. ಆತ್ಮವೇನೋ ಹೊರಡುತ್ತದೆ, ಆದರೆ ಲೇಯಾ ರಕ್ಷಾವಲಯವನ್ನು ತಾನೇ ದಾಟಿ ಪ್ರಿಯನನ್ನು ಸೇರುತ್ತಾಳೆ. ಪ್ರೇತಬಾಧೆಯ ಹಿಂದೆ ಮುರಿದ ಮಾತು ಮತ್ತು ಬಡವನಿಗಾದ ಅನ್ಯಾಯವಿದೆ ಎಂಬುದನ್ನು ನಾಟಕ ಹೀಗೆ ಸ್ಪಷ್ಟಪಡಿಸುತ್ತದೆ.

ತನ್ನ ಕೃತಿ ರಂಗವೇರುವುದನ್ನು ಆನ್‌ಸ್ಕಿ ಕಾಣಲಿಲ್ಲ. 1920ರ ನವೆಂಬರ್ 8ರಂದು ಆತ ತೀರಿಕೊಂಡನು. ಡಿಸೆಂಬರ್ 9ರಂದು, ಮೂವತ್ತು ದಿನಗಳ ಶೋಕಾವಧಿಯ ಕೊನೆಗೆ, ವಿಲ್ನಾ ತಂಡವು ವಾರ್ಸಾದಲ್ಲಿ ಅದನ್ನು ಮೊದಲ ಬಾರಿಗೆ ಪ್ರಯೋಗಿಸಿತು. 1922ರ ಜನವರಿ 31ರಂದು ಮಾಸ್ಕೋದ ಹಬೀಮಾ ತಂಡವು ಕವಿ ಬಿಯಾಲಿಕ್‌ನ ಹೀಬ್ರೂ ಅನುವಾದವನ್ನು ವಖ್ತಾಂಗೋವ್‌ನ ನಿರ್ದೇಶನದಲ್ಲಿ ಅಭಿನಯಿಸಿತು. ಯಾತ್ರೆಯಲ್ಲಿ ಜೊತೆಗಿದ್ದ ಎಂಗೆಲ್‌ನೇ ಇದಕ್ಕೆ ಸಂಗೀತ ಸಂಯೋಜಿಸಿದನು. ಆತ್ಮದ ಪತನವೇ ಉತ್ಥಾನಕ್ಕೆ ಕಾರಣವೆಂಬ ಹಸೀದಿ ಭಾವದ ರಾಗವೊಂದು ನಾಟಕದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕೇಳಿಬರುತ್ತದೆ.

ಈ ರಾಗದ ಮುಂದಿನ ಸಂಚಾರವೂ ಗಮನಾರ್ಹ. ರಷ್ಯಾ ಸಾಮ್ರಾಜ್ಯದಿಂದ ಅಮೆರಿಕೆಗೆ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಜನಿಸಿದ ಆರನ್ ಕೋಪ್‌ಲಂಡ್, ಇನ್ನೂ ಮೂವತ್ತು ತುಂಬದ ಸಂಗೀತಗಾರನಾಗಿದ್ದಾಗ, ನಾಟಕದ ಪ್ರಯೋಗದಲ್ಲಿ ಇದನ್ನು ಕೇಳಿದನು. ಪಿಯಾನೊ, ಪಿಟೀಲು ಮತ್ತು ಚೆಲ್ಲೊಗಳಿಗಾಗಿ ಇದೇ ರಾಗವನ್ನಾಧರಿಸಿ ಆತ ರಚಿಸಿದ ಕೃತಿಯ ಹೆಸರು ‘ವಿತೆಬ್ಸ್ಕ್’; 1929ರಲ್ಲಿ ಅದರ ಮೊದಲ ಪ್ರಯೋಗವಾಯಿತು. ಪಾಶ್ಚಾತ್ಯ ಸಂಗೀತದ ಅರ್ಧಸ್ವರಕ್ಕಿಂತಲೂ ಸೂಕ್ಷ್ಮವಾದ ಕಾಲುಸ್ವರಗಳನ್ನು ತಂತಿವಾದ್ಯಗಳಿಗೆ ಅಳವಡಿಸಿ, ಎರಡು ಲೋಕಗಳ ನಡುವಣ ತೊಳಲಾಟಕ್ಕೆ ಒಪ್ಪುವ ನಾದವನ್ನು ಆತ ಕಂಡುಕೊಂಡನು. 1937ರಲ್ಲಿ ಪೋಲೆಂಡಿನಲ್ಲಿ ಈ ಕಥೆ ಯಿಡ್ಡಿಷ್ ಚಲನಚಿತ್ರವೂ ಆಯಿತು.

ಕೆಲವೇ ವರ್ಷಗಳಲ್ಲಿ ನಾಜಿ ನರಮೇಧವು ಯಾತ್ರೆ ನಡೆದ ಊರುಗಳ ಯಹೂದಿ ಸಮುದಾಯಗಳನ್ನು ನಾಶಮಾಡಿತು. ಬಹುಕಾಲ ಕಳೆದುಹೋದವೆಂದು ತಿಳಿಯಲಾಗಿದ್ದ ಮೇಣದ ಸಿಲಿಂಡರುಗಳು 1990ರ ದಶಕದಲ್ಲಿ ಕೀವ್‌ನ ವೆರ್ನಾಡ್‌ಸ್ಕಿ ಗ್ರಂಥಾಲಯದಲ್ಲಿರುವುದು ಹೊರಜಗತ್ತಿನ ವಿದ್ವಾಂಸರ ಅರಿವಿಗೆ ಬಂದಿತು. ಅವುಗಳನ್ನೊಳಗೊಂಡ ಸಂಗ್ರಹವನ್ನು 2005ರಲ್ಲಿ ಯುನೆಸ್ಕೊ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು. ಹಾಡಿದವರ ಊರುಗಳು ಅಳಿದ ಮೇಲೂ ಅವರ ದನಿ ಅಲ್ಲಿ ಉಳಿದಿದೆ. ಖೋನೆನ್ ಮರಳಿ ಬಂದುದು ತನಗೆ ಸಲ್ಲಬೇಕಾದ ಮಾತು ನಡೆಯದೆ ಹೋದುದರಿಂದ. ಈ ದನಿಗಳಿಗೂ ಅಂತಹುದೇ ಒಂದು ಸಲ್ಲಬೇಕಾದ ಋಣವುಂಟು. ಜಾನಪದ ಸಂಗ್ರಹವು ಆ ಋಣವನ್ನು ಪೂರ್ಣವಾಗಿ ತೀರಿಸಲಾರದು. ಆದರೆ ಕೇಳುವ ಕಿವಿಗಳಿಗೆ ಅದನ್ನು ತಲುಪಿಸಬಲ್ಲದು.