ಏರಿ ಇಳಿಯುವ ಸಂಖ್ಯೆ

ಎಂ. ರಂಗಾಚಾರ್ಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಂಸ್ಕೃತ ಪ್ರಾಧ್ಯಾಪಕರಾಗಿ ಬಂದು, ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಹೊಣೆಯನ್ನೂ ಹೊತ್ತ ಹೊಸತು. ನಮ್ಮ ಗಣಿತದ ಚರಿತ್ರೆಗೆ ಬೆಳಕಾಗುವ ಗ್ರಂಥವೇನಾದರೂ ಅಲ್ಲಿದೆಯೇ ನೋಡಿ ಎಂದು ವಿದ್ಯಾ ಇಲಾಖೆಯ ನಿರ್ದೇಶಕ ಜಿ. ಎಚ್. ಸ್ಟುವರ್ಟ್ ಕೇಳಿಕೊಂಡರು. ಹುಡುಕಿದಾಗ ಸಿಕ್ಕಿದ್ದು ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದ ಮೂರು ಹಸ್ತಪ್ರತಿ. ಮೂರೂ ಅಪೂರ್ಣ.

ಪೂರ್ಣ ಪಾಠ ಇದ್ದದ್ದು ಕನ್ನಡ ಲಿಪಿಯಲ್ಲಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ ಬಂದ ಪ್ರತಿ ಜೈನ ಪಂಡಿತರೊಬ್ಬರ ತಾಳೆಗರಿಯ ನಕಲು. ಜೊತೆಗೆ ವಲ್ಲಭನೆಂಬವನ ಕನ್ನಡ ಟೀಕೆ. ಇನ್ನೊಂದು ಪ್ರತಿ ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ಇಳಿಸಿಕೊಂಡದ್ದು. ಅದರಲ್ಲಿ ಲೆಕ್ಕಗಳನ್ನೂ ಅವುಗಳ ಉತ್ತರಗಳನ್ನೂ ಕನ್ನಡದಲ್ಲಿ ಚುಟುಕಾಗಿ ಬರೆದಿತ್ತು. ಇವೆಲ್ಲವನ್ನೂ ಹೋಲಿಸಿ, ತಿದ್ದಿ, ಇಂಗ್ಲಿಷಿಗೆ ಅನುವಾದಿಸಿ 1912ರಲ್ಲಿ ರಂಗಾಚಾರ್ಯರು ಅಚ್ಚು ಹಾಕಿಸಿದರು. ಗಣಿತ ಚರಿತ್ರಕಾರ ಡೇವಿಡ್ ಯೂಜೀನ್ ಸ್ಮಿತ್ ಮುನ್ನುಡಿ ಬರೆದರು.

ಮಹಾವೀರ ಕ್ರಿ.ಶ. 850ರ ಸುಮಾರಿನವನು. ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಆ ದೊರೆಯ ಕೀರ್ತಿ ಕೊಲ್ಲಿಯ ಕಡಲಿಗೂ ಹೊಸದಲ್ಲ: ವರ್ತಕ ಸುಲೈಮಾನನ ಹೆಸರಿನಲ್ಲಿರುವ 851ರ ಅರಬ್ಬಿ ವೃತ್ತಾಂತ ರಾಷ್ಟ್ರಕೂಟ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸುತ್ತದೆ.

ಗುಣಾಕಾರದ ಭಾಗದಲ್ಲಿ ಮಹಾವೀರ ಕೆಲವು ವಿಶೇಷ ಲೆಕ್ಕ ಕೊಡುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳವು. ಅವನಿಗೆ ಅವು ಕಂಠಾಭರಣಗಳು. ಅವುಗಳಲ್ಲೊಂದು 27994681 × 441. ಉತ್ತರ 12345654321, ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಹತ್ತಿ, ಬಂದ ದಾರಿಯಲ್ಲೇ ಇಳಿಯುವ ಸಂಖ್ಯೆ.

ಈ ಚೆಲುವಿಗೆ ಕಾರಣವಿದೆ. 111111ನ್ನು ಅದರಿಂದಲೇ ಗುಣಿಸಿ ನೋಡಿ, ಬರುವುದು ಇದೇ 12345654321. ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತ ಬರುತ್ತವೆ. ಬಲತುದಿಯ ಸ್ಥಾನದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಇಳಿಕೆ. ಎಲ್ಲಿಯೂ ಮೊತ್ತ ಹತ್ತನ್ನು ಮುಟ್ಟದ ಕಾರಣ ದಶಕ ಏರುವುದಿಲ್ಲ, ಸಾಲು ಕೆಡುವುದಿಲ್ಲ. ಇನ್ನು 111111ನ್ನು ಒಡೆದರೆ 3, 7, 11, 13, 37 ಎಂಬ ಅವಿಭಾಜ್ಯಗಳು ಸಿಗುತ್ತವೆ. ಮೊದಲೆರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681. ಮಹಾವೀರ ಕೊಟ್ಟ ಎರಡು ಸಂಖ್ಯೆಗಳೂ ಪೂರ್ಣ ವರ್ಗಗಳು!

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವಾಗ ಕತೆ, ಹಾಡುಗಳ ಜೊತೆ ಈ ಲೆಕ್ಕಗಳನ್ನೂ ಕಲಿಸಬೇಕು. ಕನ್ನಡ ಅಕ್ಷರದಲ್ಲಿ ಉಳಿದು ಬಂದ ಆಸ್ತಿ ಇದು. 142857143ನ್ನು 7ರಿಂದ ಗುಣಿಸು ಎಂಬುದೂ ಮಹಾವೀರನ ಗ್ರಂಥದಲ್ಲಿದೆ, ಬರುವುದು 1000000001. 1ನ್ನು 7ರಿಂದ ಭಾಗಿಸಿದಾಗ ದಶಮಾಂಶದಲ್ಲಿ ಮರುಕಳಿಸುವ ಅಂಕಿಗಳೂ 142857. ಈ ಎರಡರ ನಂಟೇನು ಎಂದು ಮಕ್ಕಳೇ ಹುಡುಕಲಿ.